ಐದನೇ ತರಗತಿ ಆದ ಮೇಲೆ ಯಾವ ಶಾಲೆ: ಒಂದು ನೇಕಾರ ಮನೆಯ ಪ್ರಕರಣ

ಬಾಗಲಕೋಟೆ ಜಿಲ್ಲೆಯಲ್ಲಿ ನೇಕಾರರ ಊರುಗಳಿಗೇನು ಕಡಿಮೆಯಿಲ್ಲ. ಇಳಕಲ್, ಗುಳೇದಗುಡ್ಡ, ರಬಕವಿ-ಬನಹಟ್ಟಿ, ಕಮತಗಿ, ಸೂಳೇಭಾವಿ. ಈ ಪ್ರಕರಣ ಅಂಥದ್ದೇ ಒಂದು ಊರಿನದು. ಊರಿನ ಹೆಸರು ಬೇಕಂತಲೇ ಬಿಟ್ಟಿದ್ದೇನೆ. ಹೇಳಿದರೆ ಇಲ್ಲಿ ಬರುವ ಮೂರು ಶಾಲೆ ಯಾವುವು ಅಂತ ಅಲ್ಲಿಯವರಿಗೆ ಕೂಡಲೇ ಗೊತ್ತಾಗುತ್ತದೆ, ಅಲ್ಲಿಯ ಶಿಕ್ಷಕರಿಗೆ ಸುಮ್ನೆ ಮುಜುಗರ. ಪುರಸಭೆ ಇರುವ ಸಣ್ಣ ಊರು, ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದೇ ಹೋಗಬಹುದು ಅಂದುಕೊಳ್ಳಿ, ಸಾಕು.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ಪ್ರತಿ ಜೂನ್‌ನಲ್ಲಿ ಎಂಟನೇ ತರಗತಿಗೆ ಹೊಸ ಮಕ್ಕಳು ಬರುತ್ತಿದ್ದರು, ಬೇರೆ ಬೇರೆ ಶಾಲೆಯಲ್ಲಿ ಏಳನೇ ತರಗತಿ ಮುಗಿಸಿಕೊಂಡು. ಯಾರಿಗೆ ಭಿನ್ನರಾಶಿ ಬರುತ್ತದೆ, ಯಾರು ಬರೀ ಬೋರ್ಡ್ ನೋಡಿ ಬರೆದುಕೊಂಡು ಬಂದಿದ್ದಾರೆ ಅನ್ನುವುದು ಮೊದಲ ವಾರದಲ್ಲೇ ಗೊತ್ತಾಗಿಬಿಡುತ್ತಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ಮಗು ಗಣಿತದಲ್ಲಿ ಫೇಲಾದರೆ ಎಲ್ಲರೂ ಹತ್ತನೇ ತರಗತಿಯ ಮಾಸ್ತರರನ್ನು ಕೇಳುತ್ತಾರೆ. ನಾನು ಕಂಡ ಮಟ್ಟಿಗೆ ಆ ಮಕ್ಕಳಲ್ಲಿ ಹೆಚ್ಚಿನವರ ಕೈಯಿಂದ ಗಣಿತ ಜಾರಿದ್ದು ಆರು-ಏಳನೇ ತರಗತಿಯಲ್ಲಿ. ಈ ವರ್ಷಗಳ ಬಗ್ಗೆ ನನಗೆ ಇಷ್ಟು ಕಳವಳ ಇರುವುದು ಅದಕ್ಕೇ.

ಇನ್ನು ಮನೆಯ ವಿಷಯ. ನಮ್ಮ ಹಿಂದಿನ ಓಣಿಯವರು. ಅಪ್ಪ ಮಗ್ಗಕ್ಕೆ ಕೂರುತ್ತಾರೆ, ಅವ್ವ ಮಗ್ಗಕ್ಕೆ ಬೇಕಾದ ನೂಲಿನ ಕಂಡಿಕೆ ಸುತ್ತುತ್ತಾರೆ, ಅಜ್ಜಿ ಇದ್ದಾರೆ. ದೊಡ್ಡವಳು ಮಗಳು, ಅವಳ ಹಿಂದೆ ಎರಡನೇ ತರಗತಿಯಲ್ಲಿರುವ ತಮ್ಮ. ಹುಡುಗಿ ಓದುತ್ತಿದ್ದದ್ದು ಓಣಿಯಲ್ಲೇ ಇರುವ ಕಿರಿಯ ಪ್ರಾಥಮಿಕ ಶಾಲೆಯಲ್ಲಿ. ಅಲ್ಲಿ ಇರುವುದು ಐದನೇ ತರಗತಿವರೆಗೆ ಮಾತ್ರ. 2025ರ ಏಪ್ರಿಲ್‌ನಲ್ಲಿ ಐದನೆಯದು ಮುಗಿಯಿತು. ಅವಳ ಅವ್ವ ಒಂದು ಸಂಜೆ ಬಂದು ಕೇಳಿದರು: "ಅಕ್ಕೋರ, ಇಕಿನ್ನ ಮುಂದ ಯಾವ ಸಾಲಿಗೆ ಹಾಕೂಣ್ರಿ? ಒಬ್ಬೊಬ್ರು ಒಂದೊಂದು ಹೇಳ್ತಾರ."

ಖಾಸಗಿ ಶಾಲೆಯ ಮಾತು ಆ ಮನೆಯಲ್ಲಿ ಬರಲೇ ಇಲ್ಲ. ಫೀ ಕಟ್ಟುವ ಶಕ್ತಿ ಇಲ್ಲ. ಶಿಕ್ಷಣ ಹಕ್ಕು ಕಾಯ್ದೆಯಡಿ ಖಾಸಗಿ ಶಾಲೆಯಲ್ಲಿ ಬಡ ಮಕ್ಕಳಿಗೆ ಉಚಿತವಾಗಿ ಸಿಗುವ ಶೇಕಡಾ 25 ಸೀಟಿನ ದಾರಿಯೂ ಇರಲಿಲ್ಲ. ಆ ಸೀಟು ಸಿಗುವುದು ಎಲ್‌ಕೆಜಿಗೆ ಅಥವಾ ಒಂದನೇ ತರಗತಿಗೆ ಸೇರುವಾಗ, ಆರನೆಯದಕ್ಕಲ್ಲ. ಅದೂ 2019ರಿಂದ ಕರ್ನಾಟಕದಲ್ಲಿ ಹತ್ತಿರ ಸರಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿ ಶಾಲೆಯಲ್ಲಿ ಆ ಸೀಟು ಇಲ್ಲ. ಹಾಗಾಗಿ ಪ್ರಶ್ನೆ ಇದ್ದದ್ದು ಸರಕಾರಿ ಶಾಲೆಗಳ ನಡುವೆಯೇ.

ಪರೀಕ್ಷೆ ಬರೆದು ಸೇರುವ ಶಾಲೆಗಳನ್ನು ಮೊದಲೇ ಪಕ್ಕಕ್ಕಿಡಬೇಕಾಯಿತು. ನವೋದಯ, ಮೊರಾರ್ಜಿ ದೇಸಾಯಿ ವಸತಿ ಶಾಲೆ, ಆದರ್ಶ ವಿದ್ಯಾಲಯ, ಈ ಮೂರಕ್ಕೂ ಸೇರುವುದು ಆರನೇ ತರಗತಿಗೇ. ಆದರೆ ಅರ್ಜಿ, ಪರೀಕ್ಷೆ ಎಲ್ಲ ನಡೆಯುವುದು ಮಗು ಇನ್ನೂ ಐದನೆಯದರಲ್ಲಿ ಇರುವಾಗ. ನವೋದಯದ ಅರ್ಜಿಯಂತೂ ಐದನೇ ತರಗತಿ ಶುರುವಾದ ಕೆಲವೇ ತಿಂಗಳಲ್ಲಿ ಮುಗಿದುಹೋಗುತ್ತದೆ. ಏಪ್ರಿಲ್‌ನಲ್ಲಿ ಕೇಳಿದರೆ ಯಾವುದೂ ಸಿಗುವುದಿಲ್ಲ. ತಮ್ಮನ ಹೊತ್ತಿಗೆ ನೆನಪಿರಲಿ ಅಂತ ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆದುಕೊಟ್ಟೆ: ನವೋದಯದಲ್ಲಿ 80 ಸೀಟು, ಅದರಲ್ಲಿ ಶೇಕಡಾ 75 ಹಳ್ಳಿಯ ಮಕ್ಕಳಿಗೆ, ಆದರ್ಶ ವಿದ್ಯಾಲಯ ಇಂಗ್ಲಿಷ್ ಮಾಧ್ಯಮ, ಸಂಜೆ ಮನೆಗೆ ಬರಬಹುದು, ಮೊರಾರ್ಜಿ ಶಾಲೆಯಲ್ಲಿ ಊಟ-ವಸತಿ ಸರಕಾರದ್ದೇ.

ಉಳಿದದ್ದು ಊರೊಳಗಿನ ಮೂರು ಶಾಲೆ.

ಮೊದಲನೆಯದು ಮನೆಗೆ ಹತ್ತಿರದ ಹಿರಿಯ ಪ್ರಾಥಮಿಕ ಶಾಲೆ, ಒಂದರಿಂದ ಏಳನೇ ತರಗತಿ. ಹಳೆಯ ಕಲ್ಲಿನ ಕಟ್ಟಡ, ಅಂಗಳದಲ್ಲಿ ಬೇವಿನ ಮರ. ಅಪ್ಪನ ಒಲವು ಇದರ ಮೇಲೆ. ಎರಡನೆಯದು ಬಸ್ ನಿಲ್ದಾಣದ ಕಡೆಯ ಕರ್ನಾಟಕ ಪಬ್ಲಿಕ್ ಸ್ಕೂಲ್. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣ. ಅವ್ವನ ಆಸೆ ಇಲ್ಲಿ, ಕಾರಣ ಇಂಗ್ಲಿಷ್. ಮೂರನೆಯದು ಹೆಣ್ಣುಮಕ್ಕಳ ಸರಕಾರಿ ಹಿರಿಯ ಪ್ರಾಥಮಿಕ ಶಾಲೆ, ಎಂಟನೇ ತರಗತಿವರೆಗೆ ಇದೆ. ದೊಡ್ಡ ರಸ್ತೆ ದಾಟಿ ಹೋಗಬೇಕು. ಇದು ಅಜ್ಜಿಯ ಮಾತು. ಅವರು ಹೇಳಿದ್ದು ಇಷ್ಟೇ: "ಹುಡುಗಿ ದೊಡ್ಡಾಕಿ ಆಗೂ ವಯಸ್ಸು. ಹೆಣ್ಮಕ್ಕಳ ಸಾಲಿ ಇರಲಿ." ಹುಡುಗಿಯನ್ನು ಯಾರೂ ಕೇಳಿರಲಿಲ್ಲ. ನಾನು ಕೇಳಿದೆ. ತನ್ನ ಗೆಳತಿ ಎಲ್ಲಿಗೆ ಹೋದರೆ ಅಲ್ಲಿಗೆ ಅಂದಳು. ಹನ್ನೊಂದು ವರ್ಷದ ಮಗುವಿಗೆ ಅದು ಸಣ್ಣ ಕಾರಣವೇನಲ್ಲ.

ಶಾಲೆ ನೋಡುವ ಮೊದಲು ಮಗುವನ್ನು ನೋಡಬೇಕು. ಯಾವ ಶಾಲೆ ಒಳ್ಳೆಯದು ಅಂತ ಕೇಳುವವರು ಬಹಳ ಜನ, ಈ ಮಗುವಿಗೆ ಏನು ಬೇಕಾಗಿದೆ ಅಂತ ಕೇಳುವವರು ಕಡಿಮೆ. ಮಕ್ಕಳ ಕಲಿಕೆ ಅಳೆಯುವ ಅಸರ್ ಸಮೀಕ್ಷೆಯವರು ಮನೆಮನೆಗೆ ಹೋಗಿ ಮಾಡುವ ಪರೀಕ್ಷೆ ತುಂಬ ಸರಳ: ಎರಡನೇ ತರಗತಿ ಮಟ್ಟದ ಒಂದು ಪುಟ ಓದಿಸುತ್ತಾರೆ, ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಲು ಕೊಡುತ್ತಾರೆ. ನಾನೂ ಅದನ್ನೇ ಮಾಡಿದೆ. ಕನ್ನಡವನ್ನು ಹುಡುಗಿ ಎಲ್ಲೂ ತಡೆಯದೆ ಓದಿದಳು. ಓದಿದ್ದನ್ನು ತನ್ನ ಮಾತಿನಲ್ಲಿ ಹೇಳಿದಳು. ಆಮೇಲೆ 612ನ್ನು 6ರಿಂದ ಭಾಗಿಸು ಅಂದೆ. ಉತ್ತರ 12 ಅಂತ ಬರೆದಳು. ಆರೊಂದ್ಲ ಆರು, ಒಂದರಲ್ಲಿ ಆರು ಹೋಗುವುದಿಲ್ಲ, ಹನ್ನೆರಡಕ್ಕೆ ಆರೆರಡ್ಲ. ಮಗ್ಗಿ ಬಾಯಿಪಾಠ ಇದೆ, ಹೆಜ್ಜೆಗಳೂ ಗೊತ್ತು. ನಡುವಿನ ಸೊನ್ನೆ ಮಾತ್ರ ಬಿಟ್ಟುಹೋಗಿದೆ. ಆರುನೂರು ರೂಪಾಯಿಯನ್ನು ಆರು ಜನಕ್ಕೆ ಹಂಚಿದರೆ ಒಬ್ಬೊಬ್ಬರಿಗೆ ಎಷ್ಟು ಅಂತ ಕೇಳಿದೆ. "ನೂರು" ಅಂದಳು. ಹಾಗಾದರೆ 612 ಹಂಚಿದರೆ ಬರೀ ಹನ್ನೆರಡು ಹೇಗೆ ಬಂತು? ತನ್ನ ಲೆಕ್ಕವನ್ನು ತಾನೇ ದಿಟ್ಟಿಸಿ ನೋಡಿದಳು. ಅಲ್ಲೇನೋ ತಪ್ಪಿದೆ ಅಂತ ಅವಳಿಗೆ ಹೊಳೆಯಿತು, ಏನು ಅಂತ ಗೊತ್ತಾಗಲಿಲ್ಲ.

ಇಂಥ ಮಗುವಿಗೆ ಬೇಕಾದದ್ದು ಸ್ಮಾರ್ಟ್ ಕ್ಲಾಸ್ ಅಲ್ಲ, ಇಂಗ್ಲಿಷ್ ಮಾಧ್ಯಮವೂ ಅಲ್ಲ. ಅವಳ ನೋಟ್‌ಬುಕ್ ತೆರೆದು ಈ ಸೊನ್ನೆ ಎಲ್ಲಿ ಹೋಯಿತು ಅಂತ ಕೇಳುವ ಒಬ್ಬ ಗಣಿತದ ಶಿಕ್ಷಕರು ಬೇಕು. ಆರನೇ ತರಗತಿಯಲ್ಲಿ ಪರಿಸರ ಅಧ್ಯಯನ ಹೋಗಿ ವಿಜ್ಞಾನ ಬೇರೆ, ಸಮಾಜ ಬೇರೆ ಆಗುತ್ತದೆ. ಹಿಂದಿ ಹೊಸದಾಗಿ ಬರುತ್ತದೆ. ಭಿನ್ನರಾಶಿ, ದಶಮಾಂಶ, ಋಣಸಂಖ್ಯೆ ಎಲ್ಲ ಒಟ್ಟಿಗೇ ಬರುತ್ತವೆ. ಭಾಗಾಕಾರ ಅರ್ಧಂಬರ್ಧ ಬರುವ ಮಗು ಇಲ್ಲೇ ಹಿಂದೆ ಬೀಳುವುದು.

ಮೂರೂ ಶಾಲೆಗೆ ಅವಳ ಅವ್ವನ ಜೊತೆ ಹೋದೆ. ಮುಖ್ಯ ಶಿಕ್ಷಕರ ಅನುಮತಿ ಕೇಳಿಯೇ ಒಳಗೆ ಹೋದದ್ದು. ಯಾರೂ ಇಲ್ಲ ಅನ್ನಲಿಲ್ಲ. ಏಪ್ರಿಲ್ ಮೊದಲ ವಾರ, ಶಾಲೆಗಳು ಇನ್ನೂ ನಡೆಯುತ್ತಿದ್ದವು. ಬೇಸಿಗೆ ರಜೆಯಲ್ಲಿ ಹೋದರೆ ಬರೀ ಗೋಡೆ ನೋಡಿ ಬರಬೇಕಾಗುತ್ತದೆ.

ಮುಖ್ಯ ಶಿಕ್ಷಕರ ಕೋಣೆಯಲ್ಲಿ ಒಂದು ಬೋರ್ಡ್ ಇರುತ್ತದೆ. ಮಂಜೂರಾದ ಹುದ್ದೆ, ಭರ್ತಿಯಾದದ್ದು, ಖಾಲಿ ಇರುವುದು, ಶಿಕ್ಷಕರ ಹೆಸರು, ವಿಷಯ, ಈ ಶಾಲೆಗೆ ಬಂದ ದಿನಾಂಕ. ಪಾಲಕರು ಅದರ ಕಡೆ ತಿರುಗಿಯೂ ನೋಡುವುದಿಲ್ಲ. ನನಗೆ ಆ ಕೋಣೆಯಲ್ಲಿ ಅದಕ್ಕಿಂತ ಮುಖ್ಯವಾದ ವಸ್ತು ಇಲ್ಲ. ಶಿಕ್ಷಣ ಹಕ್ಕು ಕಾಯ್ದೆ 2009ರದು. ಅದರ ಪ್ರಕಾರ ಆರರಿಂದ ಎಂಟನೇ ತರಗತಿಗೆ ವಿಜ್ಞಾನ-ಗಣಿತಕ್ಕೆ ಒಬ್ಬರು, ಸಮಾಜ ವಿಜ್ಞಾನಕ್ಕೆ ಒಬ್ಬರು, ಭಾಷೆಗೆ ಒಬ್ಬರು ಇರಲೇಬೇಕು. 35 ಮಕ್ಕಳಿಗೆ ಒಬ್ಬರಾದರೂ ಶಿಕ್ಷಕರು ಬೇಕು. ವರ್ಷಕ್ಕೆ 220 ದಿನ ಶಾಲೆ ನಡೆಯಬೇಕು. ಕರ್ನಾಟಕದಲ್ಲಿ ಈ ತರಗತಿಗಳಿಗಾಗಿಯೇ ಪದವೀಧರ ಪ್ರಾಥಮಿಕ ಶಿಕ್ಷಕರು, ಎಲ್ಲರೂ ಜಿಪಿಟಿ ಅನ್ನುವವರು, ಇದ್ದಾರೆ. 2022ರಲ್ಲಿ 15,000 ಜಿಪಿಟಿ ಹುದ್ದೆಗೆ ಅರ್ಜಿ ಕರೆದರು. ಕೋರ್ಟು ಕಚೇರಿ ಮುಗಿದು ಆದೇಶ ಕೈಗೆ ಬರುವಷ್ಟರಲ್ಲಿ 2023 ಬಂದಿತ್ತು. ಆಗ ಬಂದ ಯುವ ಶಿಕ್ಷಕರು ಯಾವ ಶಾಲೆಗೆ ಸಿಕ್ಕಿದ್ದಾರೆ, ಯಾವ ಶಾಲೆಗೆ ಸಿಕ್ಕಿಲ್ಲ ಅನ್ನುವುದು ಒಂದೇ ಊರಿನ ಎರಡು ಶಾಲೆಗಳ ನಡುವೆ ದೊಡ್ಡ ವ್ಯತ್ಯಾಸ ಮಾಡಿಬಿಟ್ಟಿದೆ.

ಹತ್ತಿರದ ಶಾಲೆಯ ಬೋರ್ಡಿನಲ್ಲಿ ಗಣಿತ-ವಿಜ್ಞಾನದ ಮುಂದೆ ಖಾಲಿ ಅಂತಿತ್ತು. ಪ್ರತಿ ವರ್ಷ ಅತಿಥಿ ಶಿಕ್ಷಕರು ಬರುತ್ತಾರೆ, ಬರುವಷ್ಟರಲ್ಲಿ ಶಾಲೆ ಶುರುವಾಗಿ ವಾರಗಳೇ ಕಳೆದಿರುತ್ತವೆ, ಮಾರ್ಚ್‌ಗೆ ಅವರ ಅವಧಿ ಮುಗಿಯುತ್ತದೆ. ಅವರಿಲ್ಲದಾಗ ಕೆಳಗಿನ ತರಗತಿಯ ಶಿಕ್ಷಕಿಯೇ ಆರು ಮತ್ತು ಏಳನ್ನು ಒಟ್ಟಿಗೆ ಕೂರಿಸಿ ಪಾಠ ಮಾಡುತ್ತಾರೆ. ಮುಖ್ಯ ಶಿಕ್ಷಕರು ತುಂಬ ಒಳ್ಳೆಯವರು. ಆ ಮನೆಗೆ ತಾವೇ ಬಂದು, "ನಮ್ಮ ಸಾಲಿಗೇ ಕಳಸ್ರಿ" ಅಂತ ಕೇಳಿ ಹೋಗಿದ್ದರು. ಅವರ ಒತ್ತಡ ನನಗೆ ಅರ್ಥವಾಗುತ್ತದೆ. ಮಕ್ಕಳ ಸಂಖ್ಯೆ ಇಳಿದರೆ ಇರುವ ಶಿಕ್ಷಕರನ್ನೂ ಹೆಚ್ಚುವರಿ ಅಂತ ತೋರಿಸಿ ಬೇರೆ ಕಡೆ ಕಳಿಸುತ್ತಾರೆ. ಶಿಕ್ಷಕರಿಲ್ಲ ಅಂತ ಮಕ್ಕಳು ಹೋಗುತ್ತಾರೆ, ಮಕ್ಕಳು ಹೋದರು ಅಂತ ಶಿಕ್ಷಕರೂ ಹೋಗುತ್ತಾರೆ. ಇದು ಆ ಮುಖ್ಯ ಶಿಕ್ಷಕರ ತಪ್ಪಲ್ಲ. ಆದರೆ ಇದನ್ನು ಸರಿ ಮಾಡುವ ಹೊಣೆಯನ್ನು ಒಂದು ಮಗುವಿನ ಮೇಲೆ ಹೊರಿಸಲು ನನಗೆ ಮನಸ್ಸು ಬರಲಿಲ್ಲ.

ಪಬ್ಲಿಕ್ ಶಾಲೆಯ ಗೇಟಿಗೆ ಎಸ್ಸೆಸ್ಸೆಲ್ಸಿ ಫಲಿತಾಂಶದ ದೊಡ್ಡ ಬ್ಯಾನರ್. ಅವಳ ಅವ್ವ ಅದನ್ನೇ ನೋಡುತ್ತ ನಿಂತರು. ಹತ್ತನೇ ತರಗತಿಯಲ್ಲಿ ಆ ಫಲಿತಾಂಶ ತಂದ ಮಕ್ಕಳು ಸುತ್ತಲಿನ ಹತ್ತಾರು ಶಾಲೆಗಳಲ್ಲಿ ಏಳನೆಯದು ಮುಗಿಸಿ ಎಂಟನೆಯದಕ್ಕೆ ಇಲ್ಲಿ ಬಂದವರು. ಆರನೇ ತರಗತಿಯಲ್ಲಿ ಇಲ್ಲಿ ಏನು ನಡೆಯುತ್ತದೆ ಅನ್ನುವುದನ್ನು ಆ ಬ್ಯಾನರ್ ಹೇಳುವುದಿಲ್ಲ. ಆರು, ಏಳು, ಎಂಟಕ್ಕೆ ಶಾಲೆ ಶಾಲೆ ಹೋಲಿಸುವಂಥ ಫಲಿತಾಂಶವೇ ನಮ್ಮಲ್ಲಿ ಇಲ್ಲ. 2023-24ರಲ್ಲಿ ಐದು, ಎಂಟು, ಒಂಬತ್ತಕ್ಕೆ ಬೋರ್ಡ್ ಪರೀಕ್ಷೆ ಮಾಡಿದರು. ಅದು ಸುಪ್ರೀಂ ಕೋರ್ಟ್‌ವರೆಗೆ ಹೋಗಿ 2024ರ ಏಪ್ರಿಲ್‌ನಲ್ಲಿ ಫಲಿತಾಂಶಕ್ಕೇ ತಡೆ ಬಿತ್ತು. ಸಣ್ಣ ಮಕ್ಕಳಿಗೆ ಅಂಥ ಪರೀಕ್ಷೆ ಬೇಡ ಅನ್ನುವವರ ಪೈಕಿ ನಾನೂ ಒಬ್ಬಳು. ಆದರೆ ಅದಿಲ್ಲದಾಗ ಪಾಲಕರು ಹೈಸ್ಕೂಲಿನ ಅಂಕ ನೋಡಿ ಆರನೇ ತರಗತಿಗೆ ಸೇರಿಸುತ್ತಾರೆ, ಅದು ತಪ್ಪು ಅಳತೆ.

ಆ ಶಾಲೆಯ ಒಳ್ಳೆಯದನ್ನೂ ಹೇಳಬೇಕು. ಪ್ರಯೋಗಾಲಯ ಇದೆ, ಬೀಗ ಹಾಕಿಲ್ಲದ ಗ್ರಂಥಾಲಯ ಇದೆ, ದೊಡ್ಡ ಮೈದಾನ ಇದೆ. ಒಮ್ಮೆ ಸೇರಿದರೆ ಪಿಯುಸಿವರೆಗೆ ಶಾಲೆ ಬದಲಿಸುವ ಚಿಂತೆ ಇಲ್ಲ. ಗಣಿತದ ಜಿಪಿಟಿ ಶಿಕ್ಷಕರು ಇದ್ದಾರೆ, ಊರಲ್ಲಿ ಅವರಿಗೆ ಒಳ್ಳೆಯ ಹೆಸರೂ ಇದೆ. ಅವಳ ಅವ್ವನಿಗೆ ಇಷ್ಟೇ ಸಾಕಾಗಿತ್ತು. ನಾನು ಗೋಡೆಯ ವೇಳಾಪಟ್ಟಿ ನೋಡಿದೆ. ಆ ಶಿಕ್ಷಕರ ಹೆಸರು ಇಂಗ್ಲಿಷ್ ವಿಭಾಗದ ಆರರಲ್ಲಿ ಇತ್ತು, ಎಂಟರಲ್ಲಿ ಇತ್ತು. ಕನ್ನಡ ವಿಭಾಗದ ಆರನೇ ತರಗತಿಯ ಗಣಿತದ ಮುಂದೆ ಅತಿಥಿ ಶಿಕ್ಷಕರು ಅಂತಿತ್ತು. ಆ ತರಗತಿಯಲ್ಲಿ ಐವತ್ತರ ಮೇಲೆ ಮಕ್ಕಳು.

ಹಾಗಾದರೆ ಇಂಗ್ಲಿಷ್ ವಿಭಾಗಕ್ಕೇ ಸೇರಿಸಬಹುದಲ್ವಾ? ಅವಳ ಅವ್ವ ಕೇಳಿದ್ದೂ ಅದನ್ನೇ. 2019-20ರಲ್ಲಿ ರಾಜ್ಯದ ಸಾವಿರ ಸರಕಾರಿ ಶಾಲೆಗಳಲ್ಲಿ ಒಂದನೇ ತರಗತಿಗೆ ಇಂಗ್ಲಿಷ್ ಮಾಧ್ಯಮ ತೆರೆದರು. ಆ ಮೊದಲ ತಂಡ 2025-26ರಲ್ಲಿ ಏಳನೆಯದಕ್ಕೆ ಬಂತು. ಅಂದರೆ ಆರನೆಯದರಲ್ಲಿ ಕೂರುವ ಮಕ್ಕಳು ಐದು ವರ್ಷ ಇಂಗ್ಲಿಷ್‌ನಲ್ಲೇ ಗಣಿತ, ಪರಿಸರ ಓದಿದವರು. ನಮ್ಮ ಹುಡುಗಿಗೆ ಇಂಗ್ಲಿಷ್ ಅಕ್ಷರ ಗೊತ್ತು, ಸಣ್ಣ ವಾಕ್ಯ ಗೊತ್ತು. ವಿಜ್ಞಾನವನ್ನು ಆ ಭಾಷೆಯಲ್ಲಿ ಓದುವಷ್ಟಿಲ್ಲ. ಭಾಗಾಕಾರವೇ ಅರ್ಧ ಬರುವಾಗ, ಅದನ್ನು ಅರ್ಧ ಬರುವ ಭಾಷೆಯಲ್ಲಿ ಕಲಿಸಿದರೆ ಎರಡೂ ಹೋಗುತ್ತವೆ. ಇಂಗ್ಲಿಷ್ ಬೇಡ ಅಂತ ನಾನು ಹೇಳುತ್ತಿಲ್ಲ. ಬೇಕೇ ಬೇಕು. ಒಂದು ವಿಷಯವಾಗಿ, ಒಳ್ಳೆಯ ಶಿಕ್ಷಕರಿಂದ, ದಿನಾ ಬೇಕು.

ಆಮೇಲೆ ನೋಟ್‌ಬುಕ್ ಕೇಳಿದೆ. ಈ ಒಂದು ಕೆಲಸವನ್ನು ಪ್ರತಿಯೊಬ್ಬ ಪಾಲಕರೂ ಮಾಡಬೇಕು. ಗಣಿತ ಬರದಿದ್ದರೂ ಮಾಡಬಹುದು. ಒಂದೇ ತರಗತಿಯ ಮೂರು ಮಕ್ಕಳ ನೋಟ್‌ಬುಕ್ ಪಕ್ಕಪಕ್ಕ ಇಟ್ಟು ಒಂದೇ ದಿನದ ಪುಟ ತೆರೆಯಿರಿ.

ಪಬ್ಲಿಕ್ ಶಾಲೆಯ ಕನ್ನಡ ವಿಭಾಗದ ಮೂರು ನೋಟ್‌ಬುಕ್‌ಗಳು ಮುದ್ದಾಗಿದ್ದವು. ದುಂಡಗಿನ ಅಕ್ಷರ, ಅಂಚಿಗೆ ಗೆರೆ, ಪ್ರತಿ ಪುಟಕ್ಕೆ ದಿನಾಂಕ. ಲೆಕ್ಕ ಇದು: 3/4 + 2/5. ಮೂರರಲ್ಲೂ 15/20 + 8/20, ಅಲ್ಲಿಂದ 23/20, ಅಲ್ಲಿಗೆ ಸರಿ. ಕೊನೆಯ ಸಾಲಲ್ಲಿ ಒಂದು ಪೂರ್ಣಾಂಕ 3/20 ಅಂತ ಇರಬೇಕಿತ್ತು. ಮೂರೂ ಪುಸ್ತಕದಲ್ಲಿ ಒಂದು ಪೂರ್ಣಾಂಕ 3/2 ಅಂತಿತ್ತು. ಬೋರ್ಡಿನಲ್ಲಿ ಒಂದು ಸೊನ್ನೆ ಅಳಿಸಿಹೋಗಿತ್ತೋ ಏನೋ, ಮೂರು ಮಕ್ಕಳೂ ಹಾಗೇ ಇಳಿಸಿಕೊಂಡಿದ್ದರು. ಮೂರಕ್ಕೂ ಕೆಂಪು ಶಾಯಿಯ ರೈಟ್ ಮಾರ್ಕ್ ಬಿದ್ದಿತ್ತು. ಐವತ್ತು ಮಕ್ಕಳ ಪುಸ್ತಕವನ್ನು ಒಂದು ತಾಸಿನಲ್ಲಿ ನೋಡಬೇಕಾದ ಅತಿಥಿ ಶಿಕ್ಷಕರನ್ನು ನಾನು ಬೈಯುವುದಿಲ್ಲ. ಆದರೆ ಆ ಪುಟದಲ್ಲಿ ಮಕ್ಕಳು ಕಲಿತ ಗುರುತು ಇರಲಿಲ್ಲ.

ಹೆಣ್ಣುಮಕ್ಕಳ ಶಾಲೆಯ ನೋಟ್‌ಬುಕ್‌ಗಳು ನೋಡಲು ಗಲೀಜು. ಹೊಡೆದುಹಾಕಿದ್ದು, ಮತ್ತೆ ಬರೆದದ್ದು, ಅಂಚಿನಲ್ಲಿ ಕಚ್ಚಾ ಲೆಕ್ಕ. ಒಬ್ಬಳು ಅದೇ ಥರದ ಲೆಕ್ಕಕ್ಕೆ ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡಿ 5/9 ಅಂತ ಬರೆದಿದ್ದಳು. ಎಲ್ಲ ಕಡೆ ಮಕ್ಕಳು ಮಾಡುವ ತಪ್ಪೇ ಅದು. ಶಿಕ್ಷಕಿ ಅದನ್ನು ಹೊಡೆದುಹಾಕಿರಲಿಲ್ಲ. ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಕೇಳಿದ್ದರು: "5/9 ದೊಡ್ಡದೋ, 3/4 ದೊಡ್ಡದೋ? ಕೂಡಿದ ಮೇಲೆ ಕಡಿಮೆ ಹೇಗೆ ಆಯಿತು?" ಅದರ ಕೆಳಗೆ ಹುಡುಗಿ ಎರಡು ಪಟ್ಟಿ ಎಳೆದು ಭಾಗ ಮಾಡಿದ್ದಳು. ಒಂದರಲ್ಲಿ ನಾಲ್ಕು ಮನೆ, ಇನ್ನೊಂದರಲ್ಲಿ ಒಂಬತ್ತು. ಆಮೇಲೆ ಮತ್ತೊಮ್ಮೆ ಲೆಕ್ಕ, ಈ ಸಲ ಸರಿಯಾಗಿ. ಇನ್ನೊಬ್ಬಳ ಪುಸ್ತಕದಲ್ಲಿ ಬೇರೆ ತಪ್ಪು, ಬೇರೆ ಪ್ರಶ್ನೆ. ಎರಡು ಪುಸ್ತಕ ಒಂದೇ ಥರ ಇರಲಿಲ್ಲ. ನನಗೆ ಅಲ್ಲೇ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಎಂಟನೇ ತರಗತಿಯಲ್ಲಿ ನಿಂತು ನಾನು ಹುಡುಕುತ್ತಿದ್ದದ್ದು ಇಂಥ ಕೈಬರಹವನ್ನೇ.

ಆದರೆ ಒಬ್ಬ ಒಳ್ಳೆಯ ಶಿಕ್ಷಕಿಯನ್ನು ನಂಬಿ ಶಾಲೆ ಆರಿಸುವುದರಲ್ಲಿ ಅಪಾಯವಿದೆ. ನಾಳೆ ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ಹೆಸರು ಬಂದರೆ ಅವರು ಹೋಗಿಬಿಡುತ್ತಾರೆ. ಅದಕ್ಕೆ ಬೋರ್ಡಿನ ದಿನಾಂಕ ನೋಡಿದೆ. ಆಕೆ ಬಂದು ಜಾಸ್ತಿ ಕಾಲ ಆಗಿರಲಿಲ್ಲ, ಸದ್ಯಕ್ಕೆ ಹೋಗುವ ಸಾಧ್ಯತೆ ಕಡಿಮೆ. ಅದಕ್ಕಿಂತ ಮುಖ್ಯವಾಗಿ ಸಮಾಜ ವಿಜ್ಞಾನದ ನೋಟ್‌ಬುಕ್ ತರಿಸಿಕೊಂಡೆ. ಅದನ್ನು ಬೇರೆ ಶಿಕ್ಷಕರು ನೋಡುತ್ತಾರೆ. ಅಲ್ಲೂ ಅಂಚಿನಲ್ಲಿ ಪ್ರಶ್ನೆಗಳಿದ್ದವು. ಮುಖ್ಯ ಶಿಕ್ಷಕಿ ತಿಂಗಳಿಗೊಮ್ಮೆ ಎಲ್ಲ ಪುಸ್ತಕ ತರಿಸಿ ನೋಡುತ್ತಾರಂತೆ. ಅಂದರೆ ಇದು ಒಬ್ಬರ ಒಳ್ಳೆಯತನದಿಂದ ನಡೆಯುತ್ತಿರುವುದಲ್ಲ, ಶಾಲೆಯ ರೂಢಿ. ಇಂಗ್ಲಿಷ್ ಜಿಪಿಟಿ ಹುದ್ದೆ ಮಾತ್ರ ಅಲ್ಲಿಯೂ ಖಾಲಿ ಇತ್ತು. ಇದನ್ನು ಅವಳ ಅವ್ವನಿಗೆ ಮುಚ್ಚಿಡದೆ ಹೇಳಿದೆ.

ಇನ್ನೊಂದು ಸಂಗತಿಯನ್ನು ಬಾಯಿಬಿಟ್ಟು ಹೇಳಲು ನಮ್ಮ ಕಡೆ ಜನ ಹಿಂಜರಿಯುತ್ತಾರೆ. ಶೌಚಾಲಯ. ಆರರಿಂದ ಎಂಟರೊಳಗೆ ಹುಡುಗಿಯರಿಗೆ ಮುಟ್ಟು ಶುರುವಾಗುತ್ತದೆ. ಅಜ್ಜಿ ಹೇಳಿದ "ದೊಡ್ಡಾಕಿ ಆಗೂ ವಯಸ್ಸು" ಅನ್ನುವ ಮಾತಿನಲ್ಲಿ ಇದ್ದದ್ದು ಅದೇ. ಹತ್ತಿರದ ಶಾಲೆಯಲ್ಲಿ ಶೌಚಾಲಯಕ್ಕೆ ಬೀಗ, ಕೀಲಿ ಆಫೀಸಿನಲ್ಲಿ. ಗಂಡಸರು ಕೂತಿರುವ ಕೋಣೆಗೆ ಹೋಗಿ ಹನ್ನೆರಡು ವರ್ಷದ ಹುಡುಗಿ ಕೀಲಿ ಕೇಳಬೇಕು. ಅವಳು ಕೇಳುವುದಿಲ್ಲ. ಬೆಳಗಿನಿಂದ ನೀರು ಕುಡಿಯದೆ ಕೂರುತ್ತಾಳೆ, ಇಲ್ಲವೇ ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿ ಉಳಿಯುತ್ತಾಳೆ. ಆ ನಾಲ್ಕು ದಿನದ ಪಾಠವನ್ನು ಅವಳಿಗೆ ಮತ್ತೆ ಯಾರು ಹೇಳಿಕೊಡುತ್ತಾರೆ? ಸರಕಾರಿ ಶಾಲೆ ಹುಡುಗಿಯರಿಗೆ ಪ್ಯಾಡ್ ಕೊಡುವ ಶುಚಿ ಯೋಜನೆ 2013-14ರಲ್ಲಿ ಶುರುವಾಗಿ ನಡುವೆ ಕೆಲವು ವರ್ಷ ನಿಂತೇಹೋಗಿತ್ತು. ಅದು ಮತ್ತೆ ಶುರುವಾದರೂ, ಬಾಗಿಲಿಗೆ ಚಿಲಕ ಇಲ್ಲದಿದ್ದರೆ ಏನು ಉಪಯೋಗ? ಹೆಣ್ಣುಮಕ್ಕಳ ಶಾಲೆಯಲ್ಲಿ ಒಳಗೆ ಹೋಗಿ ನೋಡಿದೆವು. ನೆಲ ಒದ್ದೆಯಾಗಿತ್ತು, ಅಂದರೆ ಬಳಕೆಯಲ್ಲಿದೆ. ಡ್ರಮ್ಮಿನಲ್ಲಿ ನೀರು, ಮಗ್, ಒಳಗಿನಿಂದ ಹಾಕುವ ಚಿಲಕ. ಮೂಲೆಯಲ್ಲಿ ಮುಚ್ಚಳವಿರುವ ಕಸದ ಡಬ್ಬಿ. ಅವಳ ಅವ್ವ ಚಿಲಕ ಹಾಕಿ ತೆಗೆದು ನೋಡಿದರು. ಅಲ್ಲಿವರೆಗೆ ಪಬ್ಲಿಕ್ ಶಾಲೆ ಅನ್ನುತ್ತಿದ್ದವರು ಆಮೇಲೆ ಆ ಮಾತು ಎತ್ತಲಿಲ್ಲ.

ಬಿಸಿಯೂಟ, ಪಠ್ಯಪುಸ್ತಕ, ಸಮವಸ್ತ್ರ ಮೂರೂ ಕಡೆ ಒಂದೇ, ಅದರಲ್ಲಿ ಹೋಲಿಸುವಂಥದ್ದು ಏನಿಲ್ಲ. ಆರನೆಯದರಿಂದ ಊಟದ ಅಕ್ಕಿ ಮಗುವಿಗೆ 100 ಗ್ರಾಂನಿಂದ 150 ಗ್ರಾಂಗೆ ಏರುತ್ತದೆ.

ಅಪ್ಪನನ್ನು ಒಪ್ಪಿಸುವುದೇ ಕಷ್ಟವಾಯಿತು. ದೊಡ್ಡ ರಸ್ತೆ ದಾಟಬೇಕು, ಕಬ್ಬಿನ ಸೀಜನ್ನಿನಲ್ಲಿ ಎರಡೆರಡು ಟ್ರೈಲರ್ ಕಟ್ಟಿಕೊಂಡ ಟ್ರ್ಯಾಕ್ಟರುಗಳು ಸಾಲಾಗಿ ಹೋಗುತ್ತವೆ. ಆ ಹೆದರಿಕೆ ನಿಜವಾದದ್ದು. ಅದೇ ಓಣಿಯಿಂದ ಅಲ್ಲಿಗೆ ಹೋಗುವ ಹುಡುಗಿಯರು ಯಾರಿದ್ದಾರೆ ಅಂತ ವಿಚಾರಿಸಿದೆವು. ಏಳನೆಯದರ ಇಬ್ಬರು ಇದ್ದರು. ಗೆಳತಿಯ ಮನೆಯವರೂ ಅಲ್ಲಿಗೇ ಹಾಕುತ್ತೇವೆ ಅಂದರು. ಎಲ್ಲರೂ ಒಟ್ಟಿಗೆ ಹೋಗುವುದು ಅಂತಾಯಿತು.

ಅಪ್ಪ ಹೇಳದೇ ಉಳಿಸಿಕೊಂಡ ಕಾರಣ ಆಮೇಲೆ ಬಂತು. "ಹತ್ರದ ಸಾಲಿ ಆದ್ರ ಮಧ್ಯಾಹ್ನದ ಸೂಟಿಯೊಳಗ ಬಂದು ಅವರವ್ವಗ ನಾಕು ಕಂಡಿಕಿ ಸುತ್ತಿ ಹೋಗ್ತಾಳ್ರಿ." ಅವರು ಕೆಟ್ಟ ಅಪ್ಪ ಅಲ್ಲ. ನೂಲಿನ ರೇಟು ಏರುತ್ತಿದೆ, ಸೀರೆಗೆ ಕೈಗೆ ಬರುವ ಕೂಲಿ ಏರುತ್ತಿಲ್ಲ, ಮನೆಯ ಪ್ರತಿ ಕೈಯೂ ಲೆಕ್ಕಕ್ಕೆ ಬರುತ್ತದೆ. ಆದರೂ ನಾನು ನೇರವಾಗಿ ಹೇಳಿದೆ. ಮನೆತನದ ಕೆಲಸಕ್ಕೆ ಮಗು ಸಹಾಯ ಮಾಡಬಹುದು ಅಂತ ಕಾನೂನು ಹೇಳುವುದು ಶಾಲೆ ಬಿಟ್ಟ ಮೇಲೆ ಮತ್ತು ರಜೆಯಲ್ಲಿ ಮಾತ್ರ. ಮಧ್ಯಾಹ್ನ ಮನೆಗೆ ಬಂದ ಹುಡುಗಿ ಮದುವೆ ಸೀಜನ್ನಿನಲ್ಲಿ ಮತ್ತೆ ಶಾಲೆಗೆ ಹೋಗುವುದಿಲ್ಲ, ನಾನು ಎಷ್ಟೋ ಮಕ್ಕಳನ್ನು ಹಾಗೆ ಕಳೆದುಕೊಂಡಿದ್ದೇನೆ. ಶಾಲೆ ಸ್ವಲ್ಪ ದೂರ ಇದ್ದರೆ ಹಗಲು ಪೂರ್ತಿ ಅವಳದಾಗುತ್ತದೆ. ಅವರು ತುಂಬ ಹೊತ್ತು ಮಾತಾಡಲಿಲ್ಲ. ಕೊನೆಗೆ, "ಆತು ಬಿಡ್ರಿ ಅಕ್ಕೋರ, ಸಂಜೀಕ ಸುತ್ತತಾಳ" ಅಂದರು. ನಾನು ಬಯಸಿದ್ದೆಲ್ಲ ಅದರಲ್ಲಿ ಇರಲಿಲ್ಲ. ಆದರೂ ಅದು ಸಣ್ಣ ಮಾತಲ್ಲ.

ದಾಖಲಾತಿಗೆ ತೊಂದರೆ ಆಗಲಿಲ್ಲ. ಹಳೆಯ ಶಾಲೆಯಿಂದ ಟಿಸಿ, ಸ್ಯಾಟ್ಸ್ ನಂಬರ್ (ಶಿಕ್ಷಣ ಇಲಾಖೆ ಪ್ರತಿ ವಿದ್ಯಾರ್ಥಿಗೆ ಕೊಡುವ ಸಂಖ್ಯೆ), ಆಧಾರ್ ಪ್ರತಿ, ಜಾತಿ-ಆದಾಯ ಪ್ರಮಾಣಪತ್ರ ಕೊಟ್ಟರಾಯಿತು. ಟಿಸಿ ಬರುವುದು ತಡವಾದರೂ ಅದನ್ನೇ ಕಾರಣ ಮಾಡಿ ಮಗುವನ್ನು ಸೇರಿಸಿಕೊಳ್ಳುವುದಿಲ್ಲ ಅನ್ನುವಂತಿಲ್ಲ, ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ಅದನ್ನು ಸ್ಪಷ್ಟವಾಗಿ ಹೇಳುತ್ತದೆ. ಸೇರಿಸಿಕೊಳ್ಳಲು ಪರೀಕ್ಷೆ ಮಾಡುವಂತೆಯೂ ಇಲ್ಲ, ಅದು 13ನೇ ಕಲಂ.

ಎಂಟನೆಯದೂ ಅಲ್ಲೇ ಇರುವುದು ಈ ಮನೆಗೆ ಇನ್ನೊಂದು ಅನುಕೂಲ. ಏಳಕ್ಕೆ ಮುಗಿಯುವ ಶಾಲೆಯಲ್ಲಿ ಮಗು ಎರಡೇ ವರ್ಷಕ್ಕೆ ಮತ್ತೆ ಜಾಗ ಬದಲಿಸಬೇಕು. ಹುಡುಗಿಯರು ಶಾಲೆ ಬಿಡುವುದು ಇಂಥ ಬದಲಾವಣೆಯ ಹೊತ್ತಿಗೇ. ಎಂಟನೆಯದರಲ್ಲಿ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ಪರೀಕ್ಷೆ ಇದೆ. ಪಾಸಾಗಿ ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ. ಮನೆಯ ಆದಾಯ ಮೂರೂವರೆ ಲಕ್ಷದೊಳಗಿರಬೇಕು. ಆ ಶಾಲೆಯ ಗಣಿತದ ಶಿಕ್ಷಕಿ ಅದಕ್ಕೆ ಸಂಜೆ ತರಗತಿ ತಗೊಳ್ಳುತ್ತಾರೆ. ನೇಕಾರರ ಮನೆಯಲ್ಲಿ ಹುಡುಗಿಯನ್ನು ಮುಂದೆ ಓದಿಸಲು ಆ ಹಣ ದೊಡ್ಡ ಬೆಂಬಲ.

ಈಗ ಅರ್ಧ ವರ್ಷ ಕಳೆದಿದೆ. ಭಾಗಾಕಾರದ ಸೊನ್ನೆ ಆಗಸ್ಟ್ ಹೊತ್ತಿಗೇ ಸರಿಯಾಗಿತ್ತು. ಭಿನ್ನರಾಶಿಯಲ್ಲಿ ಇನ್ನೂ ತಡವರಿಸುತ್ತಾಳೆ, ಆದರೆ ಉತ್ತರ ಬರೆದ ಮೇಲೆ ಇದು ಇಷ್ಟು ಬರಲು ಸಾಧ್ಯವೇ ಅಂತ ತಾನೇ ಒಮ್ಮೆ ನೋಡಿಕೊಳ್ಳುತ್ತಾಳೆ. 2025ರ ದಸರಾ ರಜೆ ಜಾತಿ ಸಮೀಕ್ಷೆಗಾಗಿ ಅಕ್ಟೋಬರ್ 18ರವರೆಗೆ ಹೋಯಿತು, ಶಿಕ್ಷಕರೆಲ್ಲ ಮನೆಮನೆ ಸುತ್ತಿದರು, ಪಾಠ ಹಿಂದೆ ಬಿತ್ತು. ಸಂಜೆಯ ಕಂಡಿಕೆ ಕೆಲಸ ಹಬ್ಬದ ಮುಂಚೆ ಜಾಸ್ತಿಯಾಗಿ ಹೋಂವರ್ಕ್ ಕೆಲವು ದಿನ ಆಗಲೇ ಇಲ್ಲ. ಶಿಕ್ಷಕಿ ಪುಸ್ತಕದ ಅಂಚಿನಲ್ಲಿ ಅದನ್ನೂ ಬರೆದು ಕಳಿಸಿದ್ದರು, ಅಪ್ಪ ಓದಿ ಸಹಿ ಹಾಕಿದ್ದಾರೆ.

ಇಂಗ್ಲಿಷ್ ಮಾತ್ರ ಹೆದರಿದ ಹಾಗೇ ಆಗಿದೆ. ಅತಿಥಿ ಶಿಕ್ಷಕರು ತಡವಾಗಿ ಬಂದರು, ಪದಗಳ ಅರ್ಥ ಬರೆಸುತ್ತಾರೆ, ಓದಿಸುವುದಿಲ್ಲ. ಮೊದಲ ಸೆಮಿಸ್ಟರ್ ಮುಗಿದ ಮೇಲಿನ ಪಾಲಕರ ಸಭೆಗೆ ಅವಳ ಅವ್ವ ಹೋಗಿದ್ದರು. ಎಲ್ಲರೂ ಅಂಕಪಟ್ಟಿಗೆ ಸಹಿ ಮಾಡುತ್ತಿದ್ದಾಗ ಎದ್ದು ನಿಂತು, ಇಂಗ್ಲಿಷ್ ಹುದ್ದೆ ಯಾವಾಗ ತುಂಬುತ್ತೀರಿ ಅಂತ ಕೇಳಿದರಂತೆ. ಶಾಲಾಭಿವೃದ್ಧಿ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರಬೇಕು ಅನ್ನುವುದು ನಿಯಮ. ಅಧ್ಯಕ್ಷರು ಅಲ್ಲೇ ಇದ್ದರು. ಸಮಿತಿಯ ಹೆಸರಿನಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಮನವಿ ಬರೆದರು, ಬಂದಿದ್ದ ತಾಯಂದಿರೆಲ್ಲ ಸಹಿ ಹಾಕಿದರು. ಸ್ವೀಕೃತಿಯ ಮುದ್ರೆ ಬಿದ್ದ ಪ್ರತಿ ಈಗ ಮುಖ್ಯ ಶಿಕ್ಷಕಿಯ ಫೈಲಿನಲ್ಲಿದೆ. ಹುದ್ದೆ ತುಂಬುವವರೆಗೆ ಭಾನುವಾರ ಬೆಳಿಗ್ಗೆ ಓಣಿಯ ಆರನೇ ತರಗತಿಯ ಹುಡುಗಿಯರಿಗೆ ಇಂಗ್ಲಿಷ್ ಓದಿಸುತ್ತೇನೆ ಅಂತ ಒಪ್ಪಿಕೊಂಡಿದ್ದೇನೆ, ಬರುವ ವಾರದಿಂದ ಶುರು.